ಇಷ್ಟು ದೊಡ್ಡ ಹಿಮದ ಚಕ್ಕೆಗಳು ಯಾವಾಗ ಬೀಳುತ್ತವೆ? ನೋಡಿದವರು ಬರೆಯಿರಿ

ಬೆಳ್ಮುಗಿಲು

ಇವತ್ತು ಮಧ್ಯಾಹ್ನ ಸ್ನೋ ಬಿತ್ತು. ಸ್ನೋ ನನಗೆ ಹೊಸದಲ್ಲ, ಆದರೆ ಇಷ್ಟು ದೊಡ್ಡ ಚಕ್ಕೆ ನೋಡಿದ್ದು ಇದೇ ಮೊದಲು. ಶುರುವಿಗೆ ಮಾಮೂಲಿ ಪುಡಿ. ಆಮೇಲೆ ಗಾಳಿ ಪೂರ್ತಿ ನಿಂತಿತು, ಚಕ್ಕೆಗಳು ನೋಡನೋಡುತ್ತಲೇ ದೊಡ್ಡವಾದವು. ನೇರ ಬೀಳುತ್ತಲೂ ಇರಲಿಲ್ಲ. ಒಂದು ಕಡೆ ವಾಲಿ, ಸುತ್ತಿ, ಇನ್ನೊಂದು ಕಡೆ ಜಾರಿ ಇಳಿಯುತ್ತಿದ್ದವು. ಒಂದು ನನ್ನ ಕೋಟಿನ ತೋಳಿನ ಮೇಲೆ ಬಂದು ಕೂತಿತು. ನಾಲ್ಕು ಸೆಂಟಿಮೀಟರ್ ಅಗಲ ಇದ್ದೇ ಇತ್ತು. ಕೊನೆಗೆ ಎಲ್ಲ ಮಳೆಯಾಗಿ ಮುಗಿಯಿತು.

ನನ್ನ ಪ್ರಶ್ನೆ ಇದು. ಥರ್ಮಾಮೀಟರ್ 1 ಡಿಗ್ರಿ ತೋರಿಸುತ್ತಿತ್ತು. ಸೊನ್ನೆಗಿಂತ ಮೇಲೆ! ಚಳಿ ಕಡಿಮೆಯಾದರೆ ಚಕ್ಕೆ ಕರಗಿ ಚಿಕ್ಕದಾಗಬೇಕು ಅಲ್ವಾ? ಇಲ್ಲಿ ದೊಡ್ಡದಾಗಿದ್ದು ಹೇಗೆ?

ಮೋಡದ ಹುಚ್ಚು

ನೀವು ತೋಳಿನ ಮೇಲೆ ನೋಡಿದ್ದು ಒಂದು ಹರಳಲ್ಲ ಸರ್. ನೂರಾರು ಹರಳುಗಳು ಒಂದಕ್ಕೊಂದು ಸಿಕ್ಕಿಕೊಂಡ ಗೊಂಚಲು. ಇಡೀ ವಿಷಯ ಅಲ್ಲೇ ಇದೆ.

ಒಂಟಿ ಹರಳು ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಇರುತ್ತದೆ. ಭೌತವಿಜ್ಞಾನಿ ಕೆನೆತ್ ಲಿಬ್ರೆಕ್ಟ್ ಅವರು 2003ರ ಡಿಸೆಂಬರ್ 30ರಂದು ಕೆನಡಾದ ಒಂಟಾರಿಯೋ ಪ್ರಾಂತ್ಯದ ಕಾಕ್ರೇನ್‌ನಲ್ಲಿ ಒಂದು ಹರಳಿನ ಫೋಟೋ ತೆಗೆದರು. ತುದಿಯಿಂದ ತುದಿಗೆ 10 ಮಿಲಿಮೀಟರ್. ಫೋಟೋಗೆ ಸಿಕ್ಕ ಅತಿ ದೊಡ್ಡ ಒಂಟಿ ಹರಳು ಎಂಬ ಹೆಸರು ಅದಕ್ಕಿದೆ. ಹಾಗಾಗಿ ನಾಲ್ಕು ಸೆಂಟಿಮೀಟರ್ ಅಂದರೆ ಗೊಂಚಲೇ, ಅನುಮಾನ ಬೇಡ.

ಇನ್ನು ಬಿಸಿಯ ವಿಷಯ. ಮೈನಸ್ ಹತ್ತಿಪ್ಪತ್ತರ ಕೊರೆಯುವ ಚಳಿಯಲ್ಲಿ ಹರಳುಗಳ ಮೈ ಒಣಗಿರುತ್ತದೆ. ತಾಗಿದರೂ ಅನೇಕ ಸಲ ಅಂಟುವುದಿಲ್ಲ, ತಮ್ಮ ಪಾಡಿಗೆ ಹೋಗುತ್ತವೆ. ಸೊನ್ನೆಯ ಹತ್ತಿರ ಬಂದಾಗ ಮೈಮೇಲೆ ನೀರಿನ ತೆಳು ಪದರ ಇರುತ್ತದೆ. ಆಗ ತಾಗಿದ್ದೆಲ್ಲ ಅಂಟುತ್ತದೆ. ಎಲ್ಲ ಒಂದೇ ವೇಗದಲ್ಲಿ ಇಳಿಯುವುದೂ ಇಲ್ಲ, ನೀವೇ ಹೇಳಿದ ಹಾಗೆ ಅಡ್ಡಡ್ಡ ಬೇರೆ ಜಾರುತ್ತವೆ. ದಾರಿಯಲ್ಲಿ ಸಿಕ್ಕ ಸಣ್ಣವನ್ನೆಲ್ಲ ದೊಡ್ಡದು ಬಾಚಿಕೊಂಡು ಬರುತ್ತದೆ. ನೆಲಕ್ಕೆ ಇನ್ನು ಕೆಲವು ನೂರು ಮೀಟರ್ ಇದೆ ಎನ್ನುವಾಗ ಈ ಅಂಟಾಟ ಜೋರಾಗುತ್ತದೆ.

ಪೂರ್ತಿ ಕರಗದೆ ಹೇಗೆ ಉಳಿಯಿತು ಅಂತೀರಾ? ಒಂದು ಗ್ರಾಂ ಮಂಜುಗಡ್ಡೆ ಕರಗಲು 334 ಜೂಲ್ ಶಾಖ ಬೇಕು. ಆ ಶಾಖವನ್ನು ಸುತ್ತಲಿನ ಗಾಳಿಯಿಂದಲೇ ಎಳೆದುಕೊಳ್ಳಬೇಕು. ಜೋರಾಗಿ ಸ್ನೋ ಬೀಳುವಾಗ ಗಾಳಿಯೇ ತಣ್ಣಗಾಗುತ್ತಾ ಸೊನ್ನೆಗೆ ಇಳಿಯುತ್ತದೆ. ಮೊದಲು ಬಂದವು ಕರಗಿ ಹಿಂದೆ ಬರುವವಕ್ಕೆ ದಾರಿ ಮಾಡಿಕೊಟ್ಟ ಹಾಗೆ.

ತಣ್ಣಗಾಳಿ

ಗಾಳಿ ನಿಂತಿದ್ದೂ ಕಾರಣ ಅಲ್ವಾ? ನಾನು ನೋಡಿದ ದೊಡ್ಡ ಚಕ್ಕೆಗಳೆಲ್ಲ ಗಾಳಿಯೇ ಇಲ್ಲದ ಹೊತ್ತಿನವು.

ಮೋಡದ ಹುಚ್ಚು

ಹೌದು ಮೇಡಂ. ಗೊಂಚಲಿನ ಒಳಗೆ ಗಟ್ಟಿ ಬೆಸುಗೆ ಏನಿಲ್ಲ. ತೋಳಿಗೆ ತೋಳು ತಾಗಿರುತ್ತದೆ, ಮಧ್ಯೆ ಅಲ್ಲಲ್ಲಿ ಒಂದಿಷ್ಟು ನೀರು, ಅಷ್ಟೇ. ಗಾಳಿ ಸುಳಿಯಿತೋ, ಚೂರುಚೂರು.

ಅರೆನಿದ್ದೆ

ವಿಜ್ಞಾನ ಎಲ್ಲ ಸರಿ ಮಾರಾಯ್ರೇ, ತಲೆ ಎತ್ತಿ ನೋಡಿದ್ದೀರಾ ಇಲ್ವಾ ಯಾರಾದರೂ? ಸುಮ್ನೆ ಒಂದು ಕಡೆ ನಿಂತು ನೇರ ಮೇಲಕ್ಕೆ ನೋಡಿ. ಚಕ್ಕೆಗಳು ತಲೆಯ ಮೇಲಿನ ಒಂದೇ ಬಿಂದುವಿನಿಂದ ನಾಲ್ಕೂ ದಿಕ್ಕಿಗೆ ಹರಡುವ ಹಾಗೆ ಕಾಣುತ್ತವೆ. ಸ್ವಲ್ಪ ಹೊತ್ತಿಗೆ ಅವು ಕೆಳಗೆ ಬರುತ್ತಿವೆಯೋ, ನಾವೇ ಮೇಲೆ ಹೋಗುತ್ತಿದ್ದೇವೋ ಗೊತ್ತಾಗುವುದಿಲ್ಲ. ಪುಡಿ ಸ್ನೋದಲ್ಲಿ ಈ ಮಜಾ ಇಲ್ಲ. ದೊಡ್ಡ ಚಕ್ಕೆಯಾದರೆ ಒಂದನ್ನು ಆರಿಸಿ ಕೊನೆವರೆಗೂ ಕಣ್ಣಲ್ಲೇ ಹಿಂಬಾಲಿಸಬಹುದು. ಕೆಳಗಿನಿಂದ ನೋಡಿದರೆ ಬೆಳಕಿಗೆ ಅಡ್ಡ ಬಂದು ಬೂದು ಬಣ್ಣ ಕಾಣುತ್ತವೆ. ಕಣ್ಣಿನ ಮಟ್ಟಕ್ಕೆ ಇಳಿದ ಮೇಲೆ ಬಿಳಿ.

ಆಮೇಲೆ ಆ ನಿಶ್ಶಬ್ದ. ಅದರ ಬಗ್ಗೆ ಯಾರೂ ಯಾಕೆ ಮಾತಾಡಲ್ಲ?

ತಣ್ಣಗಾಳಿ

ಆಗಷ್ಟೇ ಬಿದ್ದ ಸ್ನೋ ಒಳಗೆ ಬಹುಪಾಲು ಗಾಳಿಯೇ ಇರುತ್ತದೆ. ಸದ್ದು ಆ ಸಂದುಗೊಂದುಗಳಿಗೆ ಹೊಕ್ಕು ಅಲ್ಲೇ ಸಾಯುತ್ತದೆ. ಗಟ್ಟಿ ನೆಲದ ಹಾಗೆ ವಾಪಸ್ ಬರುವುದಿಲ್ಲ. ಒಂದೆರಡು ದಿನ ಕಳೆದು ಮೇಲೆ ಗಟ್ಟಿ ಪದರ ಕಟ್ಟಿದರೆ ಮತ್ತೆ ಗದ್ದಲ ಶುರು.

ಗೆರೆಪಟ್ಟಿ

ಎಲ್ಲರಿಗೂ ನಮಸ್ಕಾರ. ತಕರಾರು ಮಾಡುವವನು ಬಂದೆ, ಬೇಜಾರು ಮಾಡ್ಕೋಬೇಡಿ.

ಬೆಳ್ಮುಗಿಲು ಅವರದು ತೋಳಿನ ಮೇಲೆ ಕೂತ ಚಕ್ಕೆ, ಒಪ್ಪಿದೆ. ಆದರೆ ಗಾಳಿಯಲ್ಲಿರುವಾಗ ಅಗಲ ಅಂದಾಜು ಮಾಡಿ ಹೇಳುವವರನ್ನು ನಾನು ನಂಬುವುದಿಲ್ಲ. ಮುಖದಿಂದ 30 ಸೆಂಟಿಮೀಟರ್ ದೂರದ 1 ಸೆಂಟಿಮೀಟರ್ ಚಕ್ಕೆಯೂ, 3 ಮೀಟರ್ ದೂರದ 10 ಸೆಂಟಿಮೀಟರ್ ಚಕ್ಕೆಯೂ ಕಣ್ಣಿಗೆ ಒಂದೇ ಅಳತೆ. ಬಿಳಿ ಆಕಾಶ, ಬಿಳಿ ನೆಲ. ದೂರ ಹೇಳಲು ಗುರುತೇ ಇಲ್ಲ.

ಫೋಟೋ ಇನ್ನೂ ಮೋಸ. ಚಕ್ಕೆ ಸೆಕೆಂಡಿಗೆ ಸುಮಾರು 1 ಮೀಟರ್ ಇಳಿಯುತ್ತದೆ. ಮೋಡ ಕವಿದ ಸಂಜೆ ಮೊಬೈಲ್ ತಾನಾಗಿ 1/60 ಸೆಕೆಂಡ್ ಶಟರ್ ತೆಗೆದುಕೊಂಡರೆ, ಅಷ್ಟರಲ್ಲಿ ಚಕ್ಕೆ 1.7 ಸೆಂಟಿಮೀಟರ್ ಕೆಳಗೆ ಬಂದಿರುತ್ತದೆ. ಫೋಟೋದಲ್ಲಿ ಕಾಣುವ ಉದ್ದನೆಯ ಬಿಳಿ ಪಟ್ಟಿ ಚಕ್ಕೆಯಲ್ಲ, ಅದು ಓಡಿದ ದಾರಿ. 1/1000ಕ್ಕೆ ಇಟ್ಟರೆ ಮಸುಕು 1 ಮಿಲಿಮೀಟರ್‌ಗೆ ಇಳಿಯುತ್ತದೆ. ಹಿಂದೆ ಕಪ್ಪು ಬಾಗಿಲೋ ಗೋಡೆಯೋ ಇರಲಿ. ಫ್ಲ್ಯಾಶ್ ಮಾತ್ರ ಹಾಕಬೇಡಿ. ಲೆನ್ಸ್ ಮುಂದೆಯೇ ಹಾದುಹೋಗುವ ಸಣ್ಣ ಚೂರು ಫೋಕಸ್ ತಪ್ಪಿ ದೊಡ್ಡ ಬಿಳಿ ವೃತ್ತವಾಗುತ್ತದೆ. ‘ಅಬ್ಬಾ ಎಷ್ಟು ದೊಡ್ಡದು’ ಅಂತ ಹಂಚಿಕೊಳ್ಳುವ ಚಿತ್ರಗಳಲ್ಲಿ ಅರ್ಧ ಈ ಜಾತಿಯವು.

ಹಳೇ ದಿನಚರಿ

ಗೆರೆಪಟ್ಟಿ ಸರ್, ಹಾಗಾದರೆ ಮೊಂಟಾನಾ ದಾಖಲೆಗೆ ಏನು ಹೇಳ್ತೀರಿ?

ಗೊತ್ತಿಲ್ಲದವರಿಗೆ: 1887ರ ಜನವರಿ 28ರಂದು ಅಮೆರಿಕದ ಮೊಂಟಾನಾದಲ್ಲಿ ಫೋರ್ಟ್ ಕಿಯೋ ಎಂಬ ಸೇನಾ ಠಾಣೆಯ ಹತ್ತಿರ ಬಿದ್ದ ಚಕ್ಕೆಗಳು ಹಾಲು ಇಡುವ ಅಗಲದ ಪಾತ್ರೆಗಿಂತ ದೊಡ್ಡವು ಎಂದು ಅಲ್ಲಿನ ಜಾನುವಾರು ಸಾಕಣೆಗಾರ ಮ್ಯಾಟ್ ಕೋಲ್ಮನ್ ಹೇಳಿದ್ದ. ಒಂದರ ಅಳತೆ 15 ಇಂಚು ಅಗಲ, 8 ಇಂಚು ದಪ್ಪ. ಅಂದರೆ 38 ಸೆಂಟಿಮೀಟರ್, 20 ಸೆಂಟಿಮೀಟರ್. ಗಿನ್ನೆಸ್ ದಾಖಲೆಯಲ್ಲಿ ಇವತ್ತಿಗೂ ಅತಿ ದೊಡ್ಡ ಚಕ್ಕೆ ಅಂತ ಇರುವುದು ಇದೇ.

ಗೆರೆಪಟ್ಟಿ

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು!

ಒಂದು ಒರಟು ಲೆಕ್ಕ ಹಾಕೋಣ. 38 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪದ, ಅಂಚು ದುಂಡಗಿರುವ ವಸ್ತು ಸುಮಾರು 15 ಲೀಟರ್ ಜಾಗ ಹಿಡಿಯುತ್ತದೆ. ಒಳಗೆಲ್ಲ ಬರೀ ಗಾಳಿ ಅಂದುಕೊಂಡು ಲೀಟರಿಗೆ 10 ಗ್ರಾಂ ಮಾತ್ರ ಮಂಜುಗಡ್ಡೆ ಇಟ್ಟರೂ 150 ಗ್ರಾಂ ಆಯಿತು. ಆ ತೂಕ, ಆ ಅಗಲ ಹಿಡಿದರೆ ಬೀಳುವ ವೇಗ ಸೆಕೆಂಡಿಗೆ 4–5 ಮೀಟರ್ ಬರುತ್ತದೆ. ಬೆಸುಗೆಯೇ ಇಲ್ಲದ ಗೊಂಚಲು ಅಷ್ಟು ಗಾಳಿಯ ಹೊಡೆತ ತಡೆದುಕೊಂಡು ಇಡಿಯಾಗಿ ನೆಲಕ್ಕೆ ಬಂತು ಅಂದರೆ ನನಗೆ ನಂಬಿಕೆ ಬರುವುದಿಲ್ಲ. ಫೋಟೋ ಇಲ್ಲ, ತೂಕ ಇಲ್ಲ. ನೆಲದ ಮೇಲೆ ಒಂದರ ಮೇಲೊಂದು ಬಿದ್ದು ಸೇರಿಕೊಂಡಿದ್ದನ್ನು ಅಳೆದಿರಬಹುದು.

ಹಳೇ ದಿನಚರಿ

ದಪ್ಪದ ಬಗ್ಗೆ ನಿಮ್ಮ ಅನುಮಾನ ನನಗೂ ಇದೆ. ಆದರೆ ಪೂರ್ತಿ ಕಸದ ಬುಟ್ಟಿಗೆ ಹಾಕಬೇಡಿ. 1915ರ ಜನವರಿ 10ರಂದು ಬರ್ಲಿನ್‌ನಲ್ಲಿ 8ರಿಂದ 10 ಸೆಂಟಿಮೀಟರ್ ಅಗಲದ ಚಕ್ಕೆಗಳು ಬಿದ್ದ ವರದಿ ಇದೆ. ದುಂಡಗೆ, ಅಂಚು ಮೇಲಕ್ಕೆ ಬಾಗಿಕೊಂಡು ಇಳಿದವಂತೆ. ಆ ಅಂಚಿನ ವಿವರ ಇದೆಯಲ್ಲ, ಅದರಿಂದಲೇ ನನಗೆ ಅದು ನಿಜ ಅನ್ನಿಸುವುದು. ಸುಳ್ಳು ಹೇಳುವವನು ಅಳತೆ ಹಿಗ್ಗಿಸುತ್ತಾನೆ, ಅಂಚು ಯಾವ ಕಡೆ ಬಾಗಿತ್ತು ಅಂತ ನೋಡಲು ಹೋಗುವುದಿಲ್ಲ.

ಮೋಡದ ಹುಚ್ಚು

ಇಬ್ಬರ ಮಧ್ಯೆ ಬಾಯಿ ಹಾಕ್ತೀನಿ. ಮಳೆಹನಿಗೆ ಒಂದು ಮಿತಿ ಇದೆ. ಐದಾರು ಮಿಲಿಮೀಟರ್ ದಾಟಿದ ಮೇಲೆ ಗಾಳಿಯ ಒತ್ತಡಕ್ಕೆ ಚಪ್ಪಟೆಯಾಗಿ ಒಡೆಯುವುದೇ ಜಾಸ್ತಿ. ಚಕ್ಕೆಗೆ ಅಂಥ ಕಟ್ಟುನಿಟ್ಟಾದ ಗೆರೆ ಇಲ್ಲ. ಅಗಲವಾದಷ್ಟೂ ಒಳಗೆ ಸಂದು ಜಾಸ್ತಿ, ತೂಕ ಆ ಲೆಕ್ಕಕ್ಕೆ ಏರುವುದಿಲ್ಲ. ಅಗಲ ಎರಡು ಪಟ್ಟು ಆದರೆ ಗಾಳಿಗೆ ಒಡ್ಡಿಕೊಳ್ಳುವ ಮೈ ನಾಲ್ಕು ಪಟ್ಟು, ತೂಕವೂ ಹೆಚ್ಚುಕಡಿಮೆ ನಾಲ್ಕೇ ಪಟ್ಟು. ಘನ ವಸ್ತುವಾಗಿದ್ದರೆ ಎಂಟು ಪಟ್ಟು ಆಗಬೇಕಿತ್ತು. ಅದಕ್ಕೇ 1 ಸೆಂಟಿಮೀಟರಿನದೂ 4 ಸೆಂಟಿಮೀಟರಿನದೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಇಳಿಯುತ್ತವೆ. ದೊಡ್ಡದು ಸೋಮಾರಿಯ ಹಾಗೆ ಕಾಣುವುದೂ ಇದರಿಂದಲೇ. ಅಷ್ಟು ದೊಡ್ಡದು ಬೇಗ ಬೀಳಬೇಕು ಅಂತ ಮನಸ್ಸು ಕಾಯುತ್ತಿರುತ್ತದೆ, ಅದು ಬೀಳುವುದಿಲ್ಲ.

ಅಂಗೈ ಅಗಲದ ಚಕ್ಕೆ ಅಂದರೆ ನಾನು ನಂಬುತ್ತೇನೆ. 38 ಸೆಂಟಿಮೀಟರಿಗೆ ಗೆರೆಪಟ್ಟಿ ಸರ್ ಜೊತೆ.

ಹೊಸಬ

ನಾನು ಸ್ನೋ ನೋಡಿಯೇ ಇಲ್ಲ, ಆಲಿಕಲ್ಲು ನೋಡಿದ್ದೇನೆ. ಎರಡೂ ಮಂಜುಗಡ್ಡೆಯೇ ತಾನೆ? ಆಲಿಕಲ್ಲು ದೊಡ್ಡದಾದರೆ ತಲೆ ಒಡೆಯುತ್ತದೆ. ದೊಡ್ಡ ಚಕ್ಕೆ ಬಿದ್ದರೆ ಪೆಟ್ಟಾಗಲ್ವಾ?

ತಣ್ಣಗಾಳಿ

ಆಗುವುದಿಲ್ಲ. ಆಲಿಕಲ್ಲು ಗುಡುಗಿನ ಮೋಡದಲ್ಲಿ ಮೇಲೇರುವ ಗಾಳಿಯ ಮೇಲೆ ತೇಲುತ್ತಾ, ಮೈಗೆ ತಾಗಿದ ನೀರನ್ನೆಲ್ಲ ಹೆಪ್ಪುಗಟ್ಟಿಸಿಕೊಂಡು ಗಟ್ಟಿಯಾಗಿ ಬೆಳೆಯುತ್ತದೆ. ಸ್ನೋ ಹರಳು ನೀರಿನ ಆವಿಯಿಂದಲೇ ನೇರವಾಗಿ ಬೆಳೆದದ್ದು. ನಾಲ್ಕು ಸೆಂಟಿಮೀಟರ್ ಚಕ್ಕೆ ಕರಗಿದರೆ ಉಳಿಯುವುದು ಕೆಲವು ಮಿಲಿಮೀಟರಿನ ಒಂದು ಹನಿ. ಮುಖದ ಮೇಲೆ ಬಿದ್ದರೆ ತಣ್ಣಗೆ ಒದ್ದೆ, ಅಷ್ಟೇ.

ಬೆಳ್ಮುಗಿಲು

ಸರಿಯಾಗಿ ಹೇಳಿದಿರಿ. ತೋಳಿನ ಮೇಲಿನದನ್ನು ನಾನು ಹತ್ತಿರದಿಂದ ನೋಡಿದೆ. ಮೊದಲು ಅಂಚಿನ ಎಳೆಗಳು ಬಟ್ಟೆಯ ನಾರಿಗೆ ಒರಗಿದವು. ಆಮೇಲೆ ಮಧ್ಯದಲ್ಲಿ ಒಂದು ಕಡೆ ಬಿಳಿ ಹೋಗಿ ಗಾಜಿನ ಹಾಗೆ ಪಾರದರ್ಶಕವಾಯಿತು. ಅಲ್ಲಿಂದ ಇಡೀ ಚಕ್ಕೆ ಒಳಕ್ಕೆ ಕುಸಿಯುತ್ತಾ ಬಂತು. ಕೊನೆಗೆ ಒಂದೇ ಹನಿ, ಅದರೊಳಗೆ ಇನ್ನೂ ಕರಗದ ಒಂದೆರಡು ಸೂಜಿಗಳು ತೇಲುತ್ತಿದ್ದವು. ಆರು ತೋಳಿನ ನಕ್ಷತ್ರ ಹುಡುಕಿದೆ, ಒಂದೂ ಸಿಗಲಿಲ್ಲ. ಮುರಿದ ತೋಳುಗಳು ಬೇಕಾದಷ್ಟಿದ್ದವು.

ಹಳೇ ದಿನಚರಿ

ಆ ನಕ್ಷತ್ರ ನಮ್ಮೆಲ್ಲರ ತಲೆಯಲ್ಲಿ ಕೂತಿರುವುದಕ್ಕೆ ವಿಲ್ಸನ್ ಬೆಂಟ್ಲಿಯ ಪಾಲು ದೊಡ್ಡದು. ಅಮೆರಿಕದ ವರ್ಮಾಂಟ್‌ನ ಜೆರಿಕೋ ಊರಿನ ರೈತ. 1885ರ ಜನವರಿ 15ರಂದು ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮದ ಹರಳಿನ ಮೊದಲ ಫೋಟೋ ತೆಗೆದ. ಮುಂದೆ 5000ಕ್ಕೂ ಹೆಚ್ಚು ತೆಗೆದ. ಆದರೆ ಚೆಂದದ, ಪೂರ್ತಿ ಇರುವ ಹರಳುಗಳನ್ನು ಆರಿಸಿ ತೆಗೆದ. ಮುರಿದವು, ಗೊಂಚಲಾದವು ಅವನಿಗೆ ಬೇಕಿರಲಿಲ್ಲ.

ಯೂಟಾ ವಿಶ್ವವಿದ್ಯಾಲಯದಲ್ಲಿ ಟಿಮ್ ಗ್ಯಾರೆಟ್ ಮತ್ತು ಜೊತೆಗಾರರು ಮಾಡಿದ ಒಂದು ಕ್ಯಾಮೆರಾ ಇದೆ. ಬೀಳುತ್ತಿರುವ ಚಕ್ಕೆಯನ್ನು ಮುಟ್ಟದೆ ಮೂರು ಕೋನದಿಂದ ಒಮ್ಮೆಗೇ ಕ್ಲಿಕ್ ಮಾಡುತ್ತದೆ, ವೇಗವನ್ನೂ ಅಳೆಯುತ್ತದೆ. ಆರಿಸುವ ಕೈ ಇಲ್ಲ, ಬಂದದ್ದೆಲ್ಲ ಬರುತ್ತದೆ. ಆ ಚಿತ್ರಗಳಲ್ಲಿ ಸೊಟ್ಟ, ಮುರುಕು, ಉಂಡೆ ಕಟ್ಟಿದ ಚಕ್ಕೆಗಳದೇ ರಾಜ್ಯ. ಪುಸ್ತಕದ ನಕ್ಷತ್ರ ಅಪರೂಪದ ಅತಿಥಿ.

ರೇಡಾರ್ ರಾಯ

ತಡವಾಗಿ ಬಂದೆ. ನನ್ನದು ಬೇರೆ ಕಡೆಯಿಂದ.

ಬೆಳ್ಮುಗಿಲು ಅವರು ಆ ಹೊತ್ತಿನಲ್ಲಿ ಮಳೆ ತೋರಿಸುವ ಆ್ಯಪ್ ತೆಗೆದಿದ್ದರೆ ಕಡುಹಳದಿಯೋ ಕೆಂಪೋ ಕಾಣುತ್ತಿತ್ತೇನೋ. ಅರ್ಧ ಕರಗಿದ ದೊಡ್ಡ ಚಕ್ಕೆ ರೇಡಾರನ್ನು ಮೋಸ ಮಾಡುತ್ತದೆ. ಹೊರಮೈಯೆಲ್ಲ ನೀರು, ಅಳತೆ ಚಕ್ಕೆಯದು. ರೇಡಾರ್ ಕಣ್ಣಿಗೆ ಅದೊಂದು ದೈತ್ಯ ಮಳೆಹನಿ. ವಾಪಸ್ ಬರುವ ಅಲೆ ಹನಿಯ ಅಗಲದ ಆರನೇ ಘಾತಕ್ಕೆ ಹೆಚ್ಚುತ್ತದೆ. ಅಗಲ ದುಪ್ಪಟ್ಟಾದರೆ 64 ಪಟ್ಟು! ಸ್ವಲ್ಪ ಕೆಳಗೆ ಬಂದು ಪೂರ್ತಿ ಕರಗಿದ ಕೂಡಲೇ ಅಗಲ ಕುಗ್ಗುತ್ತದೆ, ವೇಗ ಹೆಚ್ಚುತ್ತದೆ, ಹೊಳಪು ಇಳಿಯುತ್ತದೆ. ಹಾಗಾಗಿ ಕರಗುವ ಎತ್ತರದಲ್ಲಿ ಮಾತ್ರ ಒಂದು ಹೊಳೆಯುವ ಪಟ್ಟಿ ಕಾಣುತ್ತದೆ.

ತಮಾಷೆ ಏನಪ್ಪಾ ಅಂದರೆ, ಮಳೆ ಬರುವ ಚಳಿಗಾಲದ ಎಷ್ಟೋ ದಿನ ನಮ್ಮ ತಲೆಯ ಮೇಲೆ ಒಂದೆರಡು ಕಿಲೋಮೀಟರ್ ಎತ್ತರದಲ್ಲಿ ಈ ದೊಡ್ಡ ಚಕ್ಕೆಗಳು ಬೀಳುತ್ತಲೇ ಇರುತ್ತವೆ. ನಮಗೆ ಸಿಗುವುದು ಹನಿ. ನೀವು ನೋಡಿದ ದಿನ ಆ ಪಟ್ಟಿ ನೆಲದವರೆಗೆ ಇಳಿದಿತ್ತು. ಆಮೇಲೆ ಮಳೆ ಬಂತು ಅಂದಿರಲ್ಲ, ಪಟ್ಟಿ ಮತ್ತೆ ಮೇಲೆ ಹೋಯಿತು.

ಬೆಳ್ಮುಗಿಲು

ಹಾಗಾದರೆ ದೊಡ್ಡ ಚಕ್ಕೆ ಕಂಡರೆ ಸ್ನೋ ನಿಲ್ಲುವ ಸೂಚನೆ ಅಂತಲಾ? ಹಿರಿಯರೊಬ್ಬರು ಹಾಗೆ ಹೇಳುತ್ತಿದ್ದರು.

ರೇಡಾರ್ ರಾಯ

ಅರ್ಧ ನಿಜ. ಸೊನ್ನೆ ದಾಟಿ ಬಿಸಿ ಏರುತ್ತಿದ್ದರೆ ದೊಡ್ಡ ಚಕ್ಕೆಯ ಹಿಂದೆ ಮಳೆ ಬರುತ್ತದೆ. ಆದರೆ ಮಳೆಯಿಂದ ಸ್ನೋಗೆ ತಿರುಗುವಾಗಲೂ ಇದೇ ಚಕ್ಕೆಗಳು ಮೊದಲು ಬರುತ್ತವೆ. ಆಗ ಅದು ಶುರುವಿನ ಸೂಚನೆ. ಥರ್ಮಾಮೀಟರ್ ಏರುತ್ತಿದೆಯೋ ಇಳಿಯುತ್ತಿದೆಯೋ ಅದನ್ನು ನೋಡಿ.

ಉತ್ತರದವಳು

ಎಲ್ಲರೂ ಸೊನ್ನೆ ಸೊನ್ನೆ ಅಂತಿದ್ದೀರಿ. ನಾನಿರುವ ಕಡೆ ಮೈನಸ್ 8, ಮೈನಸ್ 10ರಲ್ಲೂ ಎರಡು ಮೂರು ಸೆಂಟಿಮೀಟರಿನ ಚಕ್ಕೆ ನೋಡಿದ್ದೇನೆ. ಒದ್ದೆಯ ಸುಳಿವೇ ಇಲ್ಲ. ಕೈಗವಸಿನ ಮೇಲೆ ಬಿದ್ದರೆ ಉಸಿರು ತಾಗಿದರೆ ಸಾಕು, ಹಾರಿಹೋಗುತ್ತದೆ. ಅದಕ್ಕೇನಂತೀರಿ?

ಮೋಡದ ಹುಚ್ಚು

ಒಳ್ಳೆಯ ಪಾಯಿಂಟ್ ಮೇಡಂ, ನಾನು ಬರೆಯಬೇಕು ಅಂತಿದ್ದೆ. ಅದು ಇನ್ನೊಂದು ದಾರಿ. ಮೋಡದಲ್ಲಿ ಸುಮಾರು ಮೈನಸ್ 15 ಡಿಗ್ರಿ ಇರುವ ಎತ್ತರದಲ್ಲಿ ಹರಳುಗಳಿಗೆ ಕವಲೊಡೆದ ಆರು ತೋಳು ಬೆಳೆಯುತ್ತವೆ. ಯಾವ ಚಳಿಗೆ ಯಾವ ಆಕಾರ ಎಂದು ಪಟ್ಟಿ ಮಾಡಿದವರು ಜಪಾನಿನ ಉಕಿಚಿರೋ ನಕಾಯಾ. 1936ರಲ್ಲಿ ಹೊಕ್ಕೈಡೋದ ಪ್ರಯೋಗಾಲಯದಲ್ಲಿ ಮೊಲದ ಕೂದಲಿನ ತುದಿಯಲ್ಲಿ ಹಿಮದ ಹರಳು ಬೆಳೆಸಿದವರು ಅವರೇ. ಕವಲು ತೋಳುಗಳಿಗೆ ಅಂಟು ಬೇಕಿಲ್ಲ. ಒಂದರ ಕವಲಿಗೆ ಇನ್ನೊಂದರ ಕವಲು ಸಿಕ್ಕಿಕೊಂಡರೆ ಸಾಕು. ನಿಮ್ಮದು ಆ ಥರದ್ದು.

ಬಿದ್ದ ಮೇಲೂ ವ್ಯತ್ಯಾಸ ಗೊತ್ತಾಗುತ್ತದೆ. ಸೊನ್ನೆಯ ಹತ್ತಿರದ ಒದ್ದೆ ಸ್ನೋ ಐದಾರು ಸೆಂಟಿಮೀಟರ್ ಬಿದ್ದರೆ ಕರಗಿಸಿದಾಗ 1 ಸೆಂಟಿಮೀಟರ್ ನೀರು. ನಿಮ್ಮ ಒಣ ಸ್ನೋ 20 ಸೆಂಟಿಮೀಟರ್ ಬಿದ್ದರೂ ಅಷ್ಟೇ ನೀರು ಸಿಗಬಹುದು.

ಅರೆನಿದ್ದೆ

ಒಂದು ಚಕ್ಕೆ ಮೋಡದಿಂದ ನನ್ನ ಮೂಗಿಗೆ ಬರಲು ಎಷ್ಟು ಹೊತ್ತು ಬೇಕು? ಲೆಕ್ಕದವರು ಹೇಳಿ.

ಗೆರೆಪಟ್ಟಿ

2 ಕಿಲೋಮೀಟರ್ ಎತ್ತರ ಅಂದುಕೊಳ್ಳಿ, ಸೆಕೆಂಡಿಗೆ 1 ಮೀಟರ್. 2000 ಸೆಕೆಂಡ್, ಅರ್ಧ ಗಂಟೆಯ ಮೇಲಾಯಿತು. ಮೇಲೆ ಸೆಕೆಂಡಿಗೆ 10 ಮೀಟರ್ ಗಾಳಿ ಇದ್ದರೆ ಅಷ್ಟರಲ್ಲಿ 20 ಕಿಲೋಮೀಟರ್ ಅಡ್ಡ ಬಂದಿರುತ್ತದೆ. ನಿಮ್ಮ ತಲೆಯ ಮೇಲಿನ ಮೋಡದ್ದಲ್ಲ ಅದು.

ಅರೆನಿದ್ದೆ

ನೋಡಿ, ಇಂಥದ್ದು ಹೇಳಿ. ಇದಕ್ಕೆ ಗೆರೆಪಟ್ಟಿ ಬೇಕು ಅಂತ ಒಪ್ಪುತ್ತೇನೆ.

ಹೊಸಬ

ಮುಂದಿನ ಚಳಿಗಾಲಕ್ಕೆ ಸ್ನೋ ಇರುವ ಕಡೆ ಹೋಗುವ ಪ್ಲಾನ್ ಇದೆ. ದೊಡ್ಡ ಚಕ್ಕೆ ನೋಡಲೇಬೇಕು ಅಂದರೆ ಏನು ಗಮನಿಸಲಿ? ಅಳೆಯುವುದು ಹೇಗೆ?

ರೇಡಾರ್ ರಾಯ

ಮುನ್ಸೂಚನೆಯಲ್ಲಿ ಮೈನಸ್ 1ರಿಂದ 1 ಡಿಗ್ರಿ, ಗಾಳಿ ಬಹಳ ಕಡಿಮೆ, ಸ್ನೋ ಜೋರು. ಈ ಮೂರೂ ಕೂಡಿದ ದಿನ ಮನೆಯೊಳಗೆ ಕೂರಬೇಡಿ. ದೊಡ್ಡ ಚಕ್ಕೆಯ ಆಟ ತುಂಬಾ ಹೊತ್ತು ಇರುವುದಿಲ್ಲ. ಹೊರಗೆ ಹೋದಾಗ ಮರದ ಕೊಂಬೆಯ ಕೆಳಗೆ, ವಿದ್ಯುತ್ ತಂತಿಯ ಕೆಳಗೆ ನಿಲ್ಲಬೇಡಿ. ಒದ್ದೆ ಸ್ನೋ ಅಂಟಿಕೊಂಡು ಭಾರ ಏರುತ್ತದೆ, ಕೊಂಬೆ ಮುರಿಯುತ್ತದೆ.

ಗೆರೆಪಟ್ಟಿ

ಅಳೆಯುವುದಕ್ಕೆ ಒಂದು ಕಪ್ಪು ಉಣ್ಣೆ ಬಟ್ಟೆ ತೆಗೆದುಕೊಳ್ಳಿ. ಒಂದು ಹಲಗೆಗೆ ಬಿಗಿದು, ಮೇಲೆ ಏನೂ ಬೀಳದ ಜಾಗದಲ್ಲಿ ಹೊರಗೇ ಅರ್ಧ ಗಂಟೆ ಇಡಿ. ಮನೆಯೊಳಗಿಂದ ಆಗಷ್ಟೇ ತಂದ ಬಟ್ಟೆ ಬೆಚ್ಚಗಿರುತ್ತದೆ, ಚಕ್ಕೆ ಕೂತ ಕೂಡಲೇ ನೀರು. ಉಣ್ಣೆಯ ಎಳೆಗಳು ಚಕ್ಕೆಯನ್ನು ಎತ್ತಿ ಹಿಡಿಯುತ್ತವೆ. ಮಳೆಕೋಟಿನ ನುಣುಪು ಬಟ್ಟೆಯ ಮೇಲೆ ಬಿದ್ದರೆ ಚಪ್ಪಟೆಯಾಗಿ ಹರಡುತ್ತದೆ, ಅಳತೆ ಜಾಸ್ತಿ ಬರುತ್ತದೆ. ಸ್ಕೇಲ್ ಬಟ್ಟೆಗೇ ಹೊಲಿದಿಡಿ, ಆಮೇಲೆ ಹುಡುಕುತ್ತಾ ಕೂರುವಷ್ಟು ಸಮಯ ಇರುವುದಿಲ್ಲ. ಒಂದೇ ಒಂದು ಚಕ್ಕೆ ಹಿಡಿದು ತಕ್ಷಣ ಹಲಗೆಯನ್ನು ಮರೆಗೆ ತನ್ನಿ. ಇಲ್ಲದಿದ್ದರೆ ಎರಡನೆಯದು ಮೇಲೆ ಬಿದ್ದು ಇನ್ನೊಂದು ಮೊಂಟಾನಾ ಆಗುತ್ತದೆ.

ನೇರ ಮೇಲಿನಿಂದ ಫೋಟೋ. ಉದ್ದ ಎಷ್ಟು, ಅಡ್ಡ ಎಷ್ಟು ಎರಡೂ ಬರೆಯಿರಿ, ಜೊತೆಗೆ ಡಿಗ್ರಿ. ಫೋಟೋ ತೆಗೆಯುವಾಗ ಉಸಿರು ಬಿಗಿಹಿಡಿಯಿರಿ, ಇಲ್ಲಾಂದ್ರೆ ಕರಗುವುದು ನಿಮ್ಮ ಉಸಿರಿಗೇ.

ಉತ್ತರದವಳು

ಮಫ್ಲರ್ ಮೂಗಿನ ಮೇಲೆ ಎಳೆದುಕೊಂಡರೂ ನಡೆಯುತ್ತದೆ. ಆದರೆ ಕನ್ನಡಕ ಹಾಕುವವರು ಹಾಗೆ ಮಾಡಬೇಡಿ. ಉಸಿರೆಲ್ಲ ಮೇಲಕ್ಕೆ ಹೋಗಿ ಗಾಜು ಮಸುಕಾಗುತ್ತದೆ. ಚಕ್ಕೆ ಎಲ್ಲಿದೆ ಅಂತಲೇ ಕಾಣುವುದಿಲ್ಲ.